ಸರ್ಕಾರ ಇಷ್ಟೊಂದು ಯೋಜನೆ ಮಾಡಿದರೂ ಕರ್ನಾಟಕದಲ್ಲಿ ಬಡವ-ಶ್ರೀಮಂತರ ಅಂತರ ಯಾಕೆ ಕಮ್ಮಿ ಆಗ್ತಿಲ್ಲ?

ಬಡತನ ಬೇರೆ, ಅಸಮಾನತೆ ಬೇರೆ. ಎರಡಕ್ಕೂ ಒಂದೇ ಔಷಧಿ ಇಲ್ಲ.

ಹೊಟ್ಟೆಪಾಡಿಗೆ ಅನ್ನಭಾಗ್ಯದ ಅಕ್ಕಿ, ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ನಿಜಕ್ಕೂ ಆಸರೆಯಾಗುತ್ತವೆ. ‘ಬಿಟ್ಟಿ ಭಾಗ್ಯ’ ಅಂತ ಸುಮ್ನೆ ಮೂಗು ಮುರಿಯುವವರು, ಮನೆಯ ಹೆಂಗಸಿನ ಕೈಗೆ ಬಂದ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಕೇಳಿ ನೋಡಲಿ.

ಆದರೆ ಯಾದಗಿರಿಯ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೂ ಬೆಂಗಳೂರಿನ ಜಯನಗರದಲ್ಲಿ ಹುಟ್ಟಿದ ಮಗುವಿಗೂ ಸಿಗುವ ಶಾಲೆ, ಆಸ್ಪತ್ರೆ, ಕೆಲಸ ಒಂದೇ ಅಲ್ಲವಲ್ಲ, ಅದಕ್ಕೆ ಅಕ್ಕಿ ಉತ್ತರ ಅಲ್ಲ. 2002ರಲ್ಲೇ ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 114 ತಾಲ್ಲೂಕುಗಳು ಹಿಂದುಳಿದಿವೆ ಅಂತ ಲೆಕ್ಕ ಕೊಟ್ಟಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಕಲಬುರಗಿ ವಿಭಾಗದವು. ಆಮೇಲೆ ಆ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಕಾಲೇಜು ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಸಿಕ್ಕಿತು. ಒಳ್ಳೆಯದೇ. ಆದರೆ ಸೀಟು ಬೇಕಂದ್ರೆ ಮೊದಲು ಎಸ್ಸೆಸ್ಸೆಲ್ಸಿ ದಾಟಬೇಕು ಅಲ್ವಾ? ಮಳೆ ಕೈಕೊಟ್ಟ ವರ್ಷ ಅಪ್ಪ-ಅಮ್ಮ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುತ್ತಾರೆ, ಮಗುವೂ ಜೊತೆಗೇ ಹೋಗುತ್ತದೆ, ಓದು ಅಲ್ಲಿಗೆ ನಿಂತಿತು.

ದೇವರಾಜ ಅರಸು ಕಾಲದ 1974ರ ಭೂ ಸುಧಾರಣೆ ನೆನಪಿಸಿಕೊಳ್ಳಿ. ಕರಾವಳಿಯಲ್ಲಿ ಎಷ್ಟೋ ಗೇಣಿದಾರರು ಜಮೀನಿನ ಒಡೆಯರಾದರು, ಅವರ ಮಕ್ಕಳು ಓದಿದರು. ಕೈಯಲ್ಲಿ ಆಸ್ತಿ ಇದ್ದರೆ ಮುಂದಿನ ತಲೆಮಾರು ತಾನೇ ಎದ್ದು ನಿಲ್ಲುತ್ತದೆ. ಈಗ ಎಲ್ಲರಿಗೂ ಹಂಚುವಷ್ಟು ಜಮೀನು ಎಲ್ಲಿದೆ? ನನ್ನನ್ನು ಕೇಳಿದರೆ, ಮೊದಲು ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ಹಾಸ್ಟೆಲ್ ಕಟ್ಟಿಸಲಿ.