ಡೆಂಗಿ ವಿಡಿಯೊ ಎಲ್ಲರೂ ನೋಡಿದರು, ಡ್ರಮ್ ಮಾತ್ರ ಯಾರೂ ಉಜ್ಜಲಿಲ್ಲ: ಮುಂದೇನು?

ಮೇಡಂ, ನಿಮ್ಮ ಮಹಿಳಾ ಸಂಘದವರು ಮಾಡಿದ ಡೆಂಗಿ ವಿಡಿಯೊ ಪೂರ್ತಿ ನೋಡಿದೆ. ಎಲ್ಲರೂ ಮೆಚ್ಚಿ ಫಾರ್ವರ್ಡ್ ಮಾಡಿದರು, ತಿಂಗಳು ಕಳೆದ ಮೇಲೆ ನೋಡಿದರೆ ನೀರಿನ ಡ್ರಮ್‌ಗಳಲ್ಲಿ ಸೊಳ್ಳೆ ಮರಿಹುಳು ಹಾಗೇ ಇವೆ, ಒಳ್ಳೆ ಕ್ಯಾಮೆರಾ ತಗೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಕ್ಯಾಮೆರಾಗೆ ದುಡ್ಡು ಹಾಕಬೇಡಿ, ಈಗಿರೋ ಫೋನೇ ಸಾಕು. ಕೆಲಸ ಆಗಬೇಕಿರೋದು ಶೂಟಿಂಗ್‌ಗೆ ಮುಂಚೆ ಮತ್ತು ತೋರಿಸಿದ ನಂತರ.

ಒಂದೇ ವಿಡಿಯೊದಲ್ಲಿ ಸೊಳ್ಳೆ ಪರದೆ, ಜ್ವರದ ಲಕ್ಷಣ, ಚರಂಡಿ, ಟೈರ್, ಡ್ರಮ್ ಎಲ್ಲಾ ತುಂಬಿದ್ದೀರಿ. ನೋಡಿ ಎದ್ದವರಿಗೆ ನಾಳೆ ಬೆಳಗ್ಗೆ ಏನು ಮಾಡಬೇಕು ಅನ್ನೋದು ಉಳಿಯಲ್ಲ. ಒಂದೇ ಕೆಲಸ ಹಿಡಿಯಿರಿ: ವಾರಕ್ಕೊಮ್ಮೆ ಡ್ರಮ್ಮಿನ ಒಳಗೋಡೆ ಬ್ರಷ್ ಹಾಕಿ ಉಜ್ಜೋದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡೋದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಅವು ಅಲ್ಲೇ ಇರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಮೊಟ್ಟೆ ಸೊಳ್ಳೆಯಾಗಿ ಹಾರೋಕೆ ಸುಮಾರು 7ರಿಂದ 10 ದಿನ ಬೇಕು, ಅದಕ್ಕೇ ವಾರದ ಲೆಕ್ಕ.

ಇದನ್ನು ಬಾಯಲ್ಲಿ ಹೇಳಿಸದೆ ತೋರಿಸಿ. ಡ್ರಮ್ಮಿನೊಳಗೆ ಟಾರ್ಚ್ ಓರೆಯಾಗಿ ಹಿಡಿದು ಕ್ಲೋಸಪ್ ತಗೊಳ್ಳಿ. ಕೈ ನೆರಳು ಬಿದ್ದ ತಕ್ಷಣ ಹುಳುಗಳು ಕೊಂಕುತ್ತಾ ತಳಕ್ಕಿಳಿಯುತ್ತವೆ, ಸ್ವಲ್ಪ ಹೊತ್ತಿಗೆ ಉಸಿರಾಡೋಕೆ ಮೇಲೆ ಬಂದು ತಲೆಕೆಳಗಾಗಿ ನೇತಾಡುತ್ತವೆ. ಈ ಶಾಟ್ ಕತ್ತರಿಸಬೇಡಿ, ಸಂಗೀತವನ್ನೂ ಹಾಕಬೇಡಿ. ತಮ್ಮ ಮನೆ ನೀರಲ್ಲೂ ಇದೇ ಇದೆಯಾ ಅಂತ ನೋಡೋಕೆ ಜನ ತಾವಾಗೇ ಹೋಗ್ತಾರೆ.

ಶೂಟಿಂಗ್‌ಗೆ ಮುಂಚೆ ನಾಲ್ಕು ಮನೆಗೆ ಹೋಗಿ ಯಾಕೆ ತೊಳೆಯಲ್ಲ ಅಂತ ಕೇಳಿ. ಬಹುಪಾಲು ಉತ್ತರ ನೀರಿನದೇ ಇರುತ್ತೆ: ಎಂದು ಬರುತ್ತೋ ಗೊತ್ತಿಲ್ಲ, ಇರೋದನ್ನ ಹೇಗೆ ಚೆಲ್ಲೋದು? ಅವರು ಹೇಳೋದು ನ್ಯಾಯವೇ. ಹಾಗಾಗಿ ನೀರು ತಳ ಮುಟ್ಟಿದಾಗ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಹಾಕೋದು, ಹುಳುಗಳನ್ನು ಒಣನೆಲಕ್ಕೆ ಕೊಡವೋದು, ಗೋಡೆ ಉಜ್ಜಿ ತೊಳೆದು ತುಂಬಿಸೋದು, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟೋದು, ಇಷ್ಟನ್ನೂ ಬಿಡದೆ ತೋರಿಸಿ. ಈಗಾಗಲೇ ಹೀಗೆ ಮಾಡುವ ಹೆಂಗಸು ಒಬ್ಬರಾದರೂ ಇರ್ತಾರೆ, ಅವರ ಅಂಗಳದಲ್ಲೇ ಅವರ ಮಾತಲ್ಲೇ ತೆಗೀರಿ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುವಾದ ಡಿಜಿಟಲ್ ಗ್ರೀನ್ ಸಂಸ್ಥೆ ರೈತರ ವಿಡಿಯೊಗಳನ್ನು ಮಾಡಿದ್ದೂ ಇದೇ ದಾರಿಯಲ್ಲಿ, ಅಕ್ಕಪಕ್ಕದ ರೈತರೇ ಮಾಡಿ ತೋರಿಸೋದು.

ಇನ್ನು ತೋರಿಸುವ ರೀತಿ. ಫಾರ್ವರ್ಡ್ ಆದದ್ದನ್ನು ಒಬ್ಬೊಬ್ಬರೇ ನೋಡಿ ಮುಂದಕ್ಕೆ ಸರಿಸ್ತಾರೆ. ಹದಿನೈದು ಇಪ್ಪತ್ತು ಜನರನ್ನು ಕೂರಿಸಿ, ನಡುನಡುವೆ ನಿಲ್ಲಿಸಿ, "ನಿಮ್ಮ ಮನೇಲಿ ಇದು ಆಗುತ್ತಾ, ಎಲ್ಲಿ ಕಷ್ಟ?" ಅಂತ ಕೇಳಿ. ಯಾರು ಮಾಡ್ತೀನಿ ಅಂದರೋ ಅವರ ಹೆಸರು ಬರೆದುಕೊಂಡು, ವಾರ ಬಿಟ್ಟು ಟಾರ್ಚ್ ಸಮೇತ ಅವರ ಮನೆಗೆ ಹೋಗಿ. ಒಡಿಶಾದ ಕಿಯೋಂಜರ್ ಜಿಲ್ಲೆಯಲ್ಲಿ 148 ಕ್ಲಸ್ಟರ್‌ಗಳಲ್ಲಿ, ಅಂದರೆ ಹಳ್ಳಿಗಳ ಗುಂಪುಗಳಲ್ಲಿ, ನಡೆದ ಉಪವನ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮಹಿಳಾ ಗುಂಪುಗಳಿಗೆ ಕೃಷಿ, ಪೋಷಣೆಯ ವಿಡಿಯೊ ತೋರಿಸಿ ಮಾತಾಡಿಸಿ, ಮನೆಗೂ ಹೋಗಿ ಬಂದರು. ವಿಡಿಯೊ ಜೊತೆಗೆ ಗುಂಪು ತಾನೇ ಸಮಸ್ಯೆ ಗುರುತಿಸಿ ಪರಿಹಾರ ಹುಡುಕುವ ಸಭೆಗಳಿದ್ದ ಕಡೆ ತಾಯಿ ಮಕ್ಕಳ ಊಟದಲ್ಲಿ ವೈವಿಧ್ಯ ಹೆಚ್ಚಿತು. ಮಕ್ಕಳ ಕೃಶತೆ, ಅಂದರೆ ಎತ್ತರಕ್ಕೆ ತಕ್ಕ ತೂಕ ಇಲ್ಲದಿರೋದು, ಮಾತ್ರ ಕಡಿಮೆಯಾಗಲಿಲ್ಲ. ಆದ್ದರಿಂದ ನೀವೂ ಈ ಸಲ ಡೆಂಗಿ ಇಳಿಯಿತಾ ಅಂತ ಅಳೆಯೋಕೆ ಹೋಗಬೇಡಿ, ಹುಳು ಇಲ್ಲದ ಡ್ರಮ್ ಎಷ್ಟು ಅಂತ ಮಾತ್ರ ಎಣಿಸಿ.

ಎರಡನೇ ವಿಡಿಯೊ ತೆಗೆಯೋಕೆ, ಮೊದಲನೇದು ನೋಡಿ ಉಜ್ಜಿದವರ ಕೈಗೇ ಫೋನ್ ಕೊಡಿ. ಶಾಟ್ ಸರಿ ಬರೋವರೆಗೆ ಅದೇ ಕೆಲಸ ನಾಲ್ಕು ಸಲ ಮಾಡಿಸಿದವರು, ಆಮೇಲೆ ಜನರ ಪ್ರಶ್ನೆಗೆ ಉತ್ತರ ಕೊಟ್ಟವರು, ಅದನ್ನು ಸುಲಭಕ್ಕೆ ಬಿಡಲ್ಲ. ಜ್ವರ ಬಂದವರ ಮುಖ ಹಾಕಲೇಬೇಡಿ. ಉಳಿದವರಿಗೂ ಎಡಿಟ್ ಆದದ್ದನ್ನು ತೋರಿಸಿ, ಒಪ್ಪಿದ ಮೇಲೆ ಹಂಚಿ.

ನೀರು ಸರಿಯಾಗಿ ಬರದಿದ್ದರೆ ಇದೆಲ್ಲ ಬಹಳ ದಿನ ನಿಲ್ಲಲ್ಲ. ಆಗ ಅದನ್ನೇ ಚಿತ್ರೀಕರಿಸಿ, ನೀರು ಬಿಡುವವರಿಗೇ ತೋರಿಸಿ. ಕೆನಡಾದ ಫೋಗೊ ದ್ವೀಪದಲ್ಲಿ 1967ರಲ್ಲಿ ಮೀನುಗಾರರ ಮಾತುಗಳನ್ನು ಹೀಗೇ ಚಿತ್ರೀಕರಿಸಿ ಮಂತ್ರಿಗಳಿಗೆ ತೋರಿಸಿದರು, ಉತ್ತರವನ್ನೂ ಚಿತ್ರೀಕರಿಸಿ ದ್ವೀಪದವರಿಗೆ ತೋರಿಸಿದರು.

ಹೊಸ ಸ್ಕ್ರಿಪ್ಟ್ ಬರೆದು ಇಲ್ಲೇ ಹಾಕಿ, ನೋಡ್ತೀನಿ. ಶೂಟಿಂಗ್‌ಗೆ ಮುಂಚೆ ಆರೋಗ್ಯ ಕಾರ್ಯಕರ್ತೆಗೂ ಒಮ್ಮೆ ಓದಿಸಿ.