ಕೈತೋಟದ ಪ್ರಶ್ನೆ-ಉತ್ತರ: ಮೊಟ್ಟೆ ಸಿಪ್ಪೆ ಹಾಕಿದರೂ ಟೊಮೆಟೊ ಯಾಕೆ ಕೊಳೆಯುತ್ತೆ?

ಕಳೆದ ಸಂಚಿಕೆಯಲ್ಲಿ ಅಡುಗೆಮನೆ ಕಸದಿಂದ ಗೊಬ್ಬರ ಮಾಡೋದರ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮೊಟ್ಟೆ ಸಿಪ್ಪೆಯದೇ ವಿಚಾರ. ಹಾಗಾಗಿ ಈ ಸಲ ಪೂರ್ತಿ ಅದಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ತಾರಸಿಯಲ್ಲಿ ಟೊಮೆಟೊ ಬೆಳೆದಿದ್ದೇನೆ. ಗಿಡ ಚೆನ್ನಾಗಿದೆ, ಕಾಯಿಯೂ ಬಿಡುತ್ತೆ. ಆದರೆ ಕಾಯಿ ದಪ್ಪ ಆಗುವ ಹೊತ್ತಿಗೆ ತಳಭಾಗ ಕಪ್ಪಾಗಿ ಕೊಳೆಯುತ್ತೆ. ಕ್ಯಾಲ್ಸಿಯಂ ಕಮ್ಮಿ ಅಂತ ಯಾರೋ ಹೇಳಿದರು. ಎರಡು ತಿಂಗಳಿಂದ ಮೊಟ್ಟೆ ಸಿಪ್ಪೆ ಹಾಕ್ತಾ ಇದ್ದೇನೆ. ಏನೂ ಪ್ರಯೋಜನ ಆಗಿಲ್ಲ.
– ಒಬ್ಬ ಓದುಗರು, ತುಮಕೂರು

ಉತ್ತರ: ಕ್ಯಾಲ್ಸಿಯಂ ಕಮ್ಮಿ ಅನ್ನೋದು ನಿಜ. ಆದರೆ ಕಮ್ಮಿ ಇರೋದು ಕಾಯಿಯಲ್ಲಿ, ಮಣ್ಣಲ್ಲಿ ಅಲ್ಲ. ಗಿಡದೊಳಗೆ ಕ್ಯಾಲ್ಸಿಯಂ ಓಡಾಡೋದು ನೀರಿನ ಜೊತೆಯಲ್ಲೇ. ಬೇರು ಎಳೆದ ನೀರು ಹೆಚ್ಚಾಗಿ ಎಲೆಗೆ ಹೋಗುತ್ತೆ, ಕಾಯಿಗೆ ಸಿಗೋದು ಸ್ವಲ್ಪ. ಒಂದು ದಿನ ಕುಂಡ ಒಣಗಿ ಬಿರುಕು ಬಿಟ್ಟು, ಮರುದಿನ ನೀವು ಬಕೆಟ್‌ಗಟ್ಟಲೆ ಸುರಿದರೆ ಆ ಸ್ವಲ್ಪವೂ ಸರಿಯಾಗಿ ತಲುಪಲ್ಲ. ಹಾಗೆ ತಲುಪದೇ ಹೋದಾಗ ಮೊದಲು ಕೆಡೋದು ಕಾಯಿಯ ತುದಿ. ತಾರಸಿಯ ಬಿಸಿಲಿಗೆ ಚಿಕ್ಕ ಕುಂಡ ಮಧ್ಯಾಹ್ನದೊಳಗೆ ಒಣಗಿಬಿಡುತ್ತೆ, ಅಲ್ವಾ?

ಮೊದಲು ನೀರನ್ನು ಸರಿ ಮಾಡಿ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಹಾಕಿ. ಬುಡಕ್ಕೆ ಒಣ ಎಲೆಯನ್ನೋ ತೆಂಗಿನ ನಾರನ್ನೋ ಎರಡು ಬೆರಳು ದಪ್ಪಕ್ಕೆ ಹೊದಿಸಿ. ಯೂರಿಯಾ ಹಾಕ್ತಾ ಇದ್ದರೆ ನಿಲ್ಲಿಸಿ. ಅದರಿಂದ ಎಲೆ ಸೊಂಪಾಗಿ ಬೆಳೆದು ನೀರನ್ನೆಲ್ಲ ಎಳೆದುಕೊಳ್ಳುತ್ತೆ. ಕೆಟ್ಟ ಕಾಯಿ ಮತ್ತೆ ಸರಿಹೋಗಲ್ಲ, ಕಿತ್ತುಬಿಡಿ. ಮುಂದಿನ ಗೊಂಚಲಲ್ಲಿ ವ್ಯತ್ಯಾಸ ಕಾಣುತ್ತೆ.

ಈಗ ಸಿಪ್ಪೆ ವಿಷಯಕ್ಕೆ ಬರೋಣ. ನೀವು ಹೇಗೆ ಹಾಕ್ತೀರಿ ಅಂತ ಬರೆದಿಲ್ಲ. ಕೈಯಲ್ಲಿ ಮುರಿದು ಮೇಲೆ ಉದುರಿಸ್ತೀರಿ ಅಂದುಕೊಳ್ಳುತ್ತೇನೆ. ನಾನೂ ಹಾಗೇ ಮಾಡ್ತಿದ್ದೆ. ಮೈಸೂರಿಗೆ ಬಂದ ಹೊಸದರಲ್ಲಿ ಒಂದು ದಾಸವಾಳದ ಕುಂಡಕ್ಕೆ ಎರಡು ವರ್ಷ ಸಿಪ್ಪೆ ಹಾಕಿದೆ. ಆಮೇಲೆ ಕುಂಡ ಬದಲಾಯಿಸೋಣ ಅಂತ ಬೋರಲು ಹಾಕಿದರೆ, ಬೇರಿನ ಮಧ್ಯೆ ಮಧ್ಯೆ ಸಿಪ್ಪೆ ಚೂರುಗಳು ಹಾಗೇ ಇದ್ದವು. ಅಂಚು ಕೂಡ ಸವೆದಿರಲಿಲ್ಲ. ಒಂದು ಚೂರನ್ನು ತೊಳೆದು ನೋಡಿದೆ. ಅವತ್ತು ಬೆಳಿಗ್ಗೆ ಒಡೆದ ಮೊಟ್ಟೆಯದು ಅಂದರೂ ನಂಬಬಹುದಿತ್ತು. ಎರಡು ವರ್ಷ ಗಿಡಕ್ಕೆ ನಾನು ಕೊಟ್ಟದ್ದು ಹೆಚ್ಚುಕಮ್ಮಿ ಏನೂ ಅಲ್ಲ ಅಂತ ತಿಳಿದು ತುಂಬಾ ಬೇಜಾರಾಯಿತು.

ಮೊಟ್ಟೆ ಸಿಪ್ಪೆ ಅಂದರೆ ಸುಣ್ಣದ ಕಲ್ಲು ಇದ್ದ ಹಾಗೆ. ಅದರಲ್ಲಿ ಶೇಕಡ 95ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಕರಾವಳಿಯಲ್ಲಿ ಸುಟ್ಟು ಸುಣ್ಣ ಮಾಡ್ತಿದ್ದ ಕಡಲ ಚಿಪ್ಪಿನಲ್ಲೂ ಇರೋದು ಇದೇ ವಸ್ತು. ಬರೀ ನೀರಿಗೆ ಇದು ಕರಗಲ್ಲ. ಹುಳಿ ಇರುವ ಮಣ್ಣಲ್ಲಿ ಕರಗುತ್ತೆ, ಅದೂ ಪುಡಿ ಎಷ್ಟು ನುಣ್ಣಗಿದೆಯೋ ಅಷ್ಟು ಬೇಗ. ಎರಡು ಲೋಟದಲ್ಲಿ ವಿನೆಗರ್ ಹಾಕಿ, ಒಂದಕ್ಕೆ ಸಿಪ್ಪೆ ಚೂರು, ಇನ್ನೊಂದಕ್ಕೆ ಅಷ್ಟೇ ತೂಕದ ಪುಡಿ ಹಾಕಿ ನೋಡಿ. ಪುಡಿ ಹಾಕಿದ ಲೋಟದಲ್ಲಿ ಹಾಲು ಉಕ್ಕಿದ ಹಾಗೆ ನೊರೆ ಎದ್ದು ಮೇಲೆ ಬರುತ್ತೆ. ಚೂರು ಮೈತುಂಬ ಗುಳ್ಳೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತಿರುತ್ತೆ. ರಾತ್ರಿ ಸಿಪ್ಪೆ ನೆನೆಹಾಕಿ ಬೆಳಿಗ್ಗೆ ಆ ನೀರನ್ನು ಗಿಡಕ್ಕೆ ಹಾಕಿ ಅನ್ನೋ ಸಲಹೆ ನನಗೆ ಹಿಡಿಸದೇ ಇರೋದೂ ಇದಕ್ಕೇ. ಆ ನೀರಿಗೆ ಕ್ಯಾಲ್ಸಿಯಂ ಇಳಿಯೋದು ತೀರಾ ಕಮ್ಮಿ. ನಿಮ್ಮ ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರಲ್ಲೇ ಸಾಕಷ್ಟು ಕ್ಯಾಲ್ಸಿಯಂ ಇರುತ್ತೆ.

ನಾನೀಗ ಮಾಡೋದು ಹೀಗೆ. ದೋಸೆ ಹುಯ್ದು ಮುಗಿದ ಮೇಲೆ ಹಂಚು ಇನ್ನೂ ಬಿಸಿ ಇರುತ್ತಲ್ಲ, ತೊಳೆದ ಸಿಪ್ಪೆಯನ್ನು ಹಳೇ ತಟ್ಟೆಯಲ್ಲಿ ಹಾಕಿ ಅದರ ಮೇಲಿಡುತ್ತೇನೆ. ಒಳಪೊರೆ ಗರಿಗರಿ ಆಗುತ್ತೆ, ಆಮೇಲೆ ಡಬ್ಬಕ್ಕೆ. ಹದಿನೈದು ಇಪ್ಪತ್ತು ಸಿಪ್ಪೆ ಸೇರಿದಾಗ ಮಿಕ್ಸಿಯ ಹಳೇ ಚಟ್ನಿ ಜಾರಲ್ಲಿ ರುಬ್ಬುತ್ತೇನೆ. ನಿಲ್ಲಿಸಿದ ಕೂಡಲೇ ಮುಚ್ಚಳ ತೆಗೆಯಬೇಡಿ, ಧೂಳು ಮೂಗಿಗೆ ಹೋಗುತ್ತೆ. ಐದು ನಿಮಿಷ ಬಿಡಿ. ಮೈದಾ ಜರಡಿಯಲ್ಲಿ ಜಾಲಿಸಿ, ಉಳಿದ ತರಿಯನ್ನು ಇನ್ನೊಮ್ಮೆ ರುಬ್ಬಿ. ಬೆರಳಲ್ಲಿ ಉಜ್ಜಿದರೆ ಮುಖದ ಪೌಡರ್ ಥರ ಇರಬೇಕು. ಒಂದು ಸಿಪ್ಪೆ 5-6 ಗ್ರಾಂ ತೂಗುತ್ತೆ, ಹತ್ತು ಸಿಪ್ಪೆಗೆ 50-60 ಗ್ರಾಂ ಪುಡಿ ಸಿಗುತ್ತೆ. 12 ಇಂಚಿನ ಕುಂಡಕ್ಕೆ ಒಂದು ದೊಡ್ಡ ಚಮಚ ಸಾಕು. ಗಿಡ ನೆಡುವಾಗಲೇ ಗೊಬ್ಬರದ ಜೊತೆ ಮಣ್ಣಿಗೆ ಕಲಸಿಬಿಡಿ.

ಪ್ರಶ್ನೆ: ಅಕ್ಕಾರ, ನಮ್ಮ ಅಂಗಳದಾಗ ನಿಂಬಿ ಗಿಡ ಐತಿ. ಹೊಸ ಎಲಿ ಹಳದಿ ಆಗ್ಯಾವ, ನರ ಅಷ್ಟ ಹಸರ ಅದಾವ. ತತ್ತಿ ಸಿಪ್ಪಿ ಪುಡಿ ಹಾಕ್ರಿ ಅಂತ ಬಾಜೂ ಮನಿಯವರು ಹೇಳ್ಯಾರ. ಹಾಕಬೇಕೇನ್ರಿ?
– ವಿಜಯಪುರ ಜಿಲ್ಲೆಯಿಂದ ಒಬ್ಬ ಓದುಗರು

ಉತ್ತರ: ದಯವಿಟ್ಟು ಹಾಕಬೇಡಿ. ನಿಮ್ಮ ಕಡೆ ಕಪ್ಪು ಮಣ್ಣು. ಅದರಲ್ಲಿ ಸುಣ್ಣದ ಅಂಶ ಮೊದಲೇ ಜಾಸ್ತಿ. ಅನುಮಾನ ಇದ್ದರೆ ಒಣಗಿದ ಒಂದು ಹಿಡಿ ಮಣ್ಣಿಗೆ ಸ್ವಲ್ಪ ವಿನೆಗರ್ ಹಾಕಿ, ಕಿವಿ ಹತ್ತಿರ ಹಿಡಿಯಿರಿ. ಚುಸ್ಸ್ ಅಂತ ಸದ್ದು ಬಂದು ಗುಳ್ಳೆ ಎದ್ದರೆ ಸುಣ್ಣ ಇದೆ ಅಂತಲೇ.

ನೀವು ಬರೆದ ಲಕ್ಷಣ ಕಬ್ಬಿಣದ ಕೊರತೆಯದು. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಾದಾಗ ಬೇರಿಗೆ ಸಿಗಲ್ಲ. ಅದರ ಮೇಲೆ ಇನ್ನೂ ಸುಣ್ಣ ಸುರಿದರೆ ಗಿಡದ ಕಷ್ಟ ಜಾಸ್ತಿ ಆಗುತ್ತೆ. ಬುಡಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಲವಣ), ಅರ್ಧ ನಿಂಬೆಹಣ್ಣಿನ ರಸ ಸೇರಿಸಿ, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿ. ಮೊದಲು ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಮಾತ್ರ ಇಡೀ ಗಿಡಕ್ಕೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆಯೂ ಒಮ್ಮೆ ವಿಚಾರಿಸಿ.

ಇದೇ ಸಿಪ್ಪೆ ಪುಡಿ ನನ್ನ ತವರಿನ ಕಡೆ, ಕೊಪ್ಪದ ಹುಳಿ ಮಣ್ಣಿಗೆ, ನಿಜವಾಗಿ ಉಪಯೋಗ. ಅಲ್ಲಿ ಮಳೆ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗಿರುತ್ತೆ. ತೋಟಗಳಿಗೆ ಮೂಟೆಗಟ್ಟಲೆ ಕೃಷಿ ಸುಣ್ಣ ಹಾಕೋದು ಅದಕ್ಕೇ. ಒಂದೇ ವಸ್ತು ಒಂದು ಊರಲ್ಲಿ ಔಷಧಿ, ಇನ್ನೊಂದು ಊರಲ್ಲಿ ತೊಂದರೆ. ಅಂಗೈಯಗಲದ ವಿಡಿಯೋ ನೋಡಿ ಎಲ್ಲರೂ ಎಲ್ಲ ಗಿಡಕ್ಕೂ ಸಿಪ್ಪೆ ಹಾಕೋದು ಕಂಡರೆ ನನಗೆ ಸಂಕಟ ಆಗೋದು ಇದಕ್ಕೇ.

ಪ್ರಶ್ನೆ: ಮೊಟ್ಟೆ ಸಿಪ್ಪೆ ಇಟ್ಟರೆ ಹಲ್ಲಿ ಬರಲ್ಲ, ಗಿಡದ ಸುತ್ತ ಹಾಕಿದರೆ ಬಸವನಹುಳು ಬರಲ್ಲ ಅಂತಾರೆ. ನಿಜವಾ?
– ಒಬ್ಬ ಗೃಹಿಣಿ, ದಾವಣಗೆರೆ

ಉತ್ತರ: ನಮ್ಮ ಅಡುಗೆಮನೆ ಕಿಟಕಿಯಲ್ಲಿ ಸಿಪ್ಪೆ ಇಟ್ಟು ನೋಡಿದ್ದೇನೆ. ಮೂರನೇ ದಿನ ಹಲ್ಲಿ ಅದರ ಪಕ್ಕದಲ್ಲೇ ಕೂತಿತ್ತು. ದೀಪದ ಹತ್ತಿರ ಹುಳ ಸೇರದ ಹಾಗೆ ಮಾಡಿದರೆ ಹಲ್ಲಿ ತಾನಾಗೇ ಕಮ್ಮಿ ಆಗುತ್ತೆ. ಬಸವನಹುಳುವೂ ಅಷ್ಟೇ. ಲೋಳೆ ಬಿಟ್ಟುಕೊಂಡು ಸಿಪ್ಪೆ ಮೇಲೆ ಆರಾಮಾಗಿ ಹರಿದುಹೋಗುತ್ತೆ. ಅದಕ್ಕೂ ತನ್ನ ಚಿಪ್ಪು ಕಟ್ಟೋಕೆ ಸುಣ್ಣ ಬೇಕಲ್ವಾ! ಮಳೆಗಾಲದಲ್ಲಿ ಸಂಜೆ ಒಂದು ಒದ್ದೆ ಗೋಣಿಚೀಲ ಹಾಸಿ. ಬೆಳಿಗ್ಗೆ ಅದರ ಅಡಿಯಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿಗೆ ಹಾಕಿ.

ಪ್ರಶ್ನೆ: ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಗಿಡ ಇರೋದು ಎರಡೇ. ಸಿಪ್ಪೆ ಕೂಡಿಟ್ಟರೆ ವಾಸನೆ, ಇರುವೆ. ಬೇರೆ ಏನಕ್ಕಾದರೂ ಬರುತ್ತಾ? ಪುಡಿ ಮಾಡಿ ನಾವೇ ತಿನ್ನಬಹುದು ಅಂತಲೂ ಕೇಳಿದ್ದೇನೆ.

ಉತ್ತರ: ವಾಸನೆ ಬರೋದು ಒಳಗೆ ಅಂಟಿದ ಬಿಳಿಲೋಳೆಯಿಂದ. ಒಡೆದ ತಕ್ಷಣ ನಲ್ಲಿ ಕೆಳಗೆ ಹಿಡಿದು ಬೆರಳಲ್ಲಿ ಉಜ್ಜಿ, ಬಿಸಿಲಿಗೆ ಇಡಿ. ಒಣಗಿದ ಮೇಲೆ ಏನೂ ವಾಸನೆ ಇರಲ್ಲ. ಕೈ ಹೋಗದ ಸ್ಟೀಲ್ ಬಾಟಲಿ ತೊಳೆಯೋಕೆ ಇದು ಬಹಳ ಚೆನ್ನಾಗಿದೆ. ಒಂದು ಹಿಡಿ ಚೂರು, ಎರಡು ಹನಿ ಪಾತ್ರೆ ಸೋಪು, ಅರ್ಧ ಲೋಟ ನೀರು ಹಾಕಿ ಮುಚ್ಚಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ. ಟೀ ಕಲೆ ಬಿಡುತ್ತೆ. ಆಮೇಲೆ ಎರಡು ಸಲ ಬಿಸಿನೀರಲ್ಲಿ ಗಲಬರಿಸಿ. ಕೂಡಿಡೋಕೆ ಆಗದಿದ್ದರೆ ಹಸಿ ಕಸಕ್ಕೆ ಹಾಕಿ, ಅದರಲ್ಲಿ ತಪ್ಪೇನಿಲ್ಲ.

ತಿನ್ನೋ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಿ, ನೀವಾಗೇ ಶುರು ಮಾಡಬೇಡಿ. ಒಂದು ಸಿಪ್ಪೆಯಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ, ದೊಡ್ಡವರಿಗೆ ಇಡೀ ದಿನಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ. ಮೂತ್ರಪಿಂಡದಲ್ಲಿ ಕಲ್ಲು ಇದ್ದವರಿಗೆ ತೊಂದರೆ ಆಗಬಹುದು. ಸರಿಯಾಗಿ ಕುದಿಸದ ಸಿಪ್ಪೆಯಲ್ಲಿ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು. ರಾಗಿ, ಎಳ್ಳು, ಮೊಸರು ನಮ್ಮ ಅಡುಗೆಯಲ್ಲೇ ಇವೆ. ಅದೂ ಸಾಲದು ಅನಿಸಿದರೆ ಡಾಕ್ಟರ್ ಹತ್ತಿರ ಕೇಳಿ.

ಪ್ರಶ್ನೆ: ಅಕ್ಕ, ಮನೆಯಲ್ಲಿ ಆರು ನಾಟಿ ಕೋಳಿ ಇವೆ. ಈಚೆಗೆ ಮೊಟ್ಟೆ ಸಿಪ್ಪೆ ತೀರಾ ತೆಳು, ಹಿಡಿದರೇ ಒಡೆಯುತ್ತದೆ. ಅವುಗಳ ಸಿಪ್ಪೆಯನ್ನೇ ಅವಕ್ಕೆ ಹಾಕಬಹುದಾ? ಹಾಕಿದರೆ ಮೊಟ್ಟೆ ಕುಟುಕಿ ತಿನ್ನೋ ಚಾಳಿ ಹಿಡಿಯುತ್ತದೆ ಎಂದು ಅತ್ತೆ ಹೇಳುತ್ತಾರೆ.
– ಪುತ್ತೂರಿನ ಓದುಗರು

ಉತ್ತರ: ನಿಮ್ಮ ಅತ್ತೆ ಹೇಳೋದು ಸರಿ. ಅರ್ಧ ಹೋಳು ಸಿಪ್ಪೆಯನ್ನು ಹಾಗೇ ಅಂಗಳಕ್ಕೆ ಎಸೆದರೆ ಕೋಳಿಗೆ ಅದರ ಆಕಾರ, ರುಚಿ ಎರಡೂ ಗೊತ್ತಾಗುತ್ತೆ. ಗೂಡಲ್ಲಿ ಮೊಟ್ಟೆ ಕಂಡಾಗ ಕುಟುಕಿ ನೋಡುತ್ತೆ. ಒಮ್ಮೆ ಕಲಿತರೆ ಬಿಡಿಸೋದು ಕಷ್ಟ. ಆದರೆ ಬಾಣಲೆಯಲ್ಲಿ ಹತ್ತು ನಿಮಿಷ ಹುರಿದು ರವೆಯಷ್ಟು ತರಿಯಾಗಿ ಕುಟ್ಟಿದರೆ ಅದು ಮೊಟ್ಟೆ ಅಂತ ಅವಕ್ಕೆ ಗೊತ್ತೇ ಆಗಲ್ಲ. ಗಿಡಕ್ಕೆ ನುಣ್ಣಗೆ, ಕೋಳಿಗೆ ತರಿ ತರಿಯಾಗಿ. ತರಿ ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ, ರಾತ್ರಿ ಸಿಪ್ಪೆ ಕಟ್ಟುವ ಹೊತ್ತಿಗೆ ಒದಗುತ್ತೆ. ದಿನಾ ಮೊಟ್ಟೆ ಇಡುವ ಫಾರಂ ಕೋಳಿಗೆ ದಿನಕ್ಕೆ ಸುಮಾರು 4 ಗ್ರಾಂ ಕ್ಯಾಲ್ಸಿಯಂ ಬೇಕು. ನಾಟಿ ಕೋಳಿ ಅಷ್ಟು ಇಡಲ್ಲ, ಕಮ್ಮಿ ಸಾಕು.

ಕಾಳಿನ ಜೊತೆ ಬೆರೆಸಬೇಡಿ, ಬೇರೆ ಗೆರಟೆಯಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತೆ. ನಮ್ಮ ಅಮ್ಮ ಬಚ್ಚಲ ಒಲೆಯ ಪಕ್ಕ ಒಂದು ಗೆರಟೆ ಇಟ್ಟಿದ್ದರು. ಹುಂಜ ಅದರ ಕಡೆ ತಿರುಗಿಯೂ ನೋಡ್ತಿರಲಿಲ್ಲ. ಮೊಟ್ಟೆ ಇಡೋ ಹೇಂಟೆಗಳು ಮಾತ್ರ ಸಂಜೆ ಗೂಡು ಸೇರುವ ಮುಂಚೆ ಒಂದೊಂದಾಗಿ ಬಂದು ನಾಲ್ಕಾರು ಸಲ ಕುಟುಕಿ ಹೋಗ್ತಿದ್ದವು. ಎರಡು ಮೂರು ವಾರ ಹೀಗೆ ಇಟ್ಟೂ ಸಿಪ್ಪೆ ಗಟ್ಟಿ ಆಗದಿದ್ದರೆ ಕೋಳಿಗಳನ್ನು ಪಶುವೈದ್ಯರಿಗೆ ತೋರಿಸಿ.