ಶ್ವಾಸಕೋಶದ ಕಾರ್ಸಿನಾಯ್ಡ್: ಕೀಮೊಗೆ ಮೊದಲು ಸ್ಲೈಡ್ ಇನ್ನೊಮ್ಮೆ ನೋಡಿಸಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮದ್ದೂರು ಕಡೆಯ ಗೃಹಿಣಿ, ವಯಸ್ಸು ಮೂವತ್ತರ ಆಸುಪಾಸು. ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದುವವರಲ್ಲ. ಬಹಳ ದಿನದ ಉಬ್ಬಸಕ್ಕೆ ಆಸ್ತಮಾ ಎಂದು ಇನ್‌ಹೇಲರ್ ನಡೆದಿತ್ತು. ಆದರೆ ಸುಯ್ ಸದ್ದು ಕೇಳುತ್ತಿದ್ದುದು ಎದೆಯ ಬಲಗಡೆ ಮಾತ್ರ. ಒಂದೇ ಬದಿಯ ಉಬ್ಬಸವನ್ನು ಆಸ್ತಮಾ ಎಂದು ಬಿಡಬಾರದು, ಶ್ವಾಸನಾಳದಲ್ಲಿ ಏನೋ ಅಡ್ಡ ಇರಬಹುದು. ಕಫದಲ್ಲಿ ರಕ್ತ ಕಂಡ ಮೇಲೆ ಸಿ.ಟಿ., ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಟ್ಯೂಬ್ ಹಾಕಿ ನೋಡುವುದು) ಆದವು. ಬಯಾಪ್ಸಿ ವರದಿ: ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನ್ ಸ್ರವಿಸಬಲ್ಲ ಕೋಶಗಳದ್ದು), ಸ್ಮಾಲ್ ಸೆಲ್ ಕ್ಯಾನ್ಸರ್ (ಬಹಳ ವೇಗವಾಗಿ ಬೆಳೆಯುವ ಜಾತಿ) ಇರಬಹುದು.

ಕಡತ ಹಿಡಿದು ಮೈಸೂರಿಗೆ ನಮ್ಮ ಬಳಿ ಬಂದ ಆಕೆಯ ಅಣ್ಣನ ಪ್ರಶ್ನೆ ಒಂದೇ: "ನಾಳೆನೇ ಕೀಮೊ ಶುರು ಮಾಡಿಸ್ಬಿಡೋಣ್ವಾ ಮೇಡಂ?"

ಬೇಡ, ಮೊದಲು ಗೆಡ್ಡೆಯ ಜಾತಿ ಖಚಿತವಾಗಲಿ ಎಂದು ಹೇಳಿದೆವು. ಇಕ್ಕಳದಲ್ಲಿ ಚಿವುಟಿ ತೆಗೆದ ಚೂರಿನಲ್ಲಿ ಕೋಶಗಳು ಜಜ್ಜಿಹೋದರೆ ಕಾರ್ಸಿನಾಯ್ಡ್ (ಇದೇ ಗುಂಪಿನ, ನಿಧಾನವಾಗಿ ಬೆಳೆಯುವ ಗೆಡ್ಡೆ) ಕೂಡ ಸ್ಮಾಲ್ ಸೆಲ್‌ನಂತೆ ಕಾಣಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ: ಸ್ಮಾಲ್ ಸೆಲ್‌ಗೆ ಕೀಮೊ ಮುಖ್ಯ, ಕಾರ್ಸಿನಾಯ್ಡ್‌ಗೆ ಶಸ್ತ್ರಚಿಕಿತ್ಸೆ. ವರದಿಯಷ್ಟೇ ಸಾಲದು, ಲ್ಯಾಬಿನಿಂದ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಬಯಾಪ್ಸಿ ಚೂರು) ಮತ್ತು ಸ್ಲೈಡ್ ಎರಡನ್ನೂ ಪಡೆದು ಕ್ಯಾನ್ಸರ್ ಕೇಂದ್ರದ ಪೆಥಾಲಜಿಸ್ಟರಿಗೆ ಕೊಡಿ, ಕೆಐ-67 (ಎಷ್ಟು ಕೋಶಗಳು ವಿಭಜನೆಯ ಹಾದಿಯಲ್ಲಿವೆ ಎಂಬ ಅಳತೆ) ಎಷ್ಟೆಂದು ಕೇಳಿ ಎಂದೆವು. ಸ್ಮಾಲ್ ಸೆಲ್‌ನಲ್ಲಿ ಅದು ಸಾಮಾನ್ಯವಾಗಿ ಶೇ. 50ರ ಮೇಲೆ, ಕಾರ್ಸಿನಾಯ್ಡ್‌ನಲ್ಲಿ ಹೆಚ್ಚಾಗಿ 20ರೊಳಗೆ. ಇವರದು ಶೇ. 3 ಬಂತು, ಅಂದರೆ ಕಾರ್ಸಿನಾಯ್ಡ್.

ಮುಂದಿನದು ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್, ಈ ಜಾತಿಯ ಗೆಡ್ಡೆ ಹರಡಿದೆಯೇ ಎಂದು ಹುಡುಕುವ ಸ್ಕ್ಯಾನ್. ನಿಧಾನವಾಗಿ ಬೆಳೆಯುವ ಈ ಗೆಡ್ಡೆ ಸಾಮಾನ್ಯ ಪೆಟ್‌ನಲ್ಲಿ ಮಂಕಾಗಿ ಕಂಡು ಮೋಸ ಮಾಡಬಹುದು. ಬೇರೆಲ್ಲೂ ಹರಡಿರಲಿಲ್ಲ.

"ಟ್ಯೂಬ್ ಹಾಕಿ ಒಳಗಿಂದಲೇ ತೆಗೆದ್ರೆ ಆಗಲ್ವಾ?" ಎಂದು ಆಕೆ ಕೇಳಿದರು. ಆಪರೇಷನ್ ಭಯ ಸಹಜ. ಆದರೆ ನಾಳದೊಳಗೆ ಕಾಣುವುದು ಹಲವು ಬಾರಿ ಗೆಡ್ಡೆಯ ಒಂದು ಪಾಲು ಮಾತ್ರ, ಉಳಿದದ್ದು ಗೋಡೆ ದಾಟಿ ಹೊರಗಿರುತ್ತದೆ. ಹಾಗೆ ತೆಗೆಯುವುದು ಹೆಚ್ಚಾಗಿ ಮುಚ್ಚಿದ ದಾರಿ ಬಿಡಿಸಲಿಕ್ಕೆ. ಜಾಗ ಅನುಕೂಲವಾಗಿದ್ದರೆ ನಾಳದ ಆ ತುಂಡನ್ನು ಕತ್ತರಿಸಿ ತುದಿಗಳನ್ನು ಜೋಡಿಸುವ 'ಸ್ಲೀವ್' ವಿಧಾನದಿಂದ ಶ್ವಾಸಕೋಶ ಹೆಚ್ಚು ಉಳಿಯುತ್ತದೆ, ಇದನ್ನು ಸರ್ಜನ್ ಹತ್ತಿರ ಕೇಳಲೇಬೇಕು. ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷಿಸಬೇಕು. ಅರಿವಳಿಕೆ ವೈದ್ಯರಿಗೆ 'ಕಾರ್ಸಿನಾಯ್ಡ್' ಎಂದು ಮೊದಲೇ ತಿಳಿದಿರಬೇಕು, ಗೆಡ್ಡೆ ಸ್ರವಿಸುವ ಹಾರ್ಮೋನಿನಿಂದ ಬಿ.ಪಿ. ಏಕಾಏಕಿ ಏರುಪೇರಾದರೆ ಅದನ್ನು ತಡೆಯುವ ಆಕ್ಟ್ರಿಯೋಟೈಡ್ ಔಷಧಿ ಕೈಗೆ ಸಿಗುವಂತಿರಬೇಕು.

ತೆಗೆದ ಇಡೀ ಗೆಡ್ಡೆ ನೋಡಿದ ಮೇಲೇ 'ಟಿಪಿಕಲ್' (2 ಚದರ ಮಿ.ಮೀ.ಗೆ ಎರಡಕ್ಕಿಂತ ಕಡಿಮೆ ಕೋಶವಿಭಜನೆ, ಸತ್ತ ಅಂಗಾಂಶವಿಲ್ಲ) ಅಥವಾ 'ಎಟಿಪಿಕಲ್' (ಅದಕ್ಕಿಂತ ಉಗ್ರವಾದದ್ದು) ಎಂದು ಹೇಳಲಾಗುವುದು. ಪೂರ್ತಿ ತೆಗೆದ ಟಿಪಿಕಲ್‌ಗೆ ಸಾಮಾನ್ಯವಾಗಿ ಕೀಮೊ ಬೇಡ. ಆದರೆ ತಡವಾಗಿ ಮರಳುವ ಕಾಯಿಲೆ ಇದು, ಕನಿಷ್ಠ ಹತ್ತು ವರ್ಷ ತಪಾಸಣೆಯನ್ನು ಬಿಡಬಾರದು. ಹರಡಿದ್ದಿದ್ದರೆ ತಿಂಗಳಿಗೊಮ್ಮೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು, ಎವೆರೋಲಿಮಸ್ ಮಾತ್ರೆ, ಲುಟೇಶಿಯಂ (ರಕ್ತನಾಳಕ್ಕೆ ಕೊಡುವ ವಿಕಿರಣ ಔಷಧಿ) ಚಿಕಿತ್ಸೆಯ ಮಾತು ಬರುತ್ತಿತ್ತು.

ಬಿಪಿಎಲ್ ಕಾರ್ಡಿದ್ದ ಕುಟುಂಬ. ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಯೋಜನೆಯ ನೆರವು ಸಿಬ್ಬಂದಿ) ಕಂಡು, ಮರುಪರಿಶೀಲನೆಯ ಹೊಸ ಬಯಾಪ್ಸಿ ವರದಿಯನ್ನೇ ಲಗತ್ತಿಸಿ ಅನುಮೋದನೆ ಪಡೆಯಿರಿ ಎಂದು ಅಣ್ಣನಿಗೆ ಬರೆದುಕೊಟ್ಟೆವು.